ಹಳೇ ಪಟ್ಟಣದ ಮುಖ್ಯ ಬೀದಿಯನ್ನು ನಡೆಯುವವರಿಗೂ ವಾಹನಗಳಿಗೂ ಹೊಂದುವಂತೆ ಬದಲಿಸುವುದು ಹೇಗೆ?

ಮೊದಲು ಒಂದು ಪ್ರಶ್ನೆ: ಆ ಬೀದಿಯಲ್ಲಿ ಓಡುವ ಗಾಡಿಗಳಲ್ಲಿ ಎಷ್ಟಕ್ಕೆ ಅಲ್ಲಿ ಕೆಲಸವಿದೆ, ಎಷ್ಟು ಸುಮ್ನೆ ದಾಟಿ ಹೋಗುತ್ತವೆ? ಇದನ್ನು ಎಣಿಸದೆ ನಕ್ಷೆ ಬರೆಯಬಾರದು. ದಾಟಿ ಹೋಗುವವೇ ಜಾಸ್ತಿ ಇದ್ದರೆ ಅವುಗಳಿಗೆ ಬೇರೆ ದಾರಿ ಬೇಕು. ಇಲ್ಲದಿದ್ದರೆ ಪಕ್ಕದ ಸಣ್ಣ ಓಣಿಗಳು ತುಂಬಿಕೊಳ್ಳುತ್ತವೆ, ಅಷ್ಟೇ.

ಬೀದಿಯನ್ನು ವಾಹನಗಳಿಗೆ ಪೂರ್ತಿ ಮುಚ್ಚಲೇಬೇಕು ಅಂತೇನಿಲ್ಲ. ವಾಹನದ ಪಥವನ್ನು ಸುಮಾರು 3 ಮೀಟರಿಗೆ ಇಳಿಸಿದರೆ ವೇಗ ತಾನಾಗಿಯೇ ತಗ್ಗುತ್ತದೆ, ಉಳಿದ ಜಾಗ ಫುಟ್‌ಪಾತ್‌ಗೆ ಸಿಗುತ್ತದೆ. ಗಂಟೆಗೆ 30 ಕಿ.ಮೀ. ಮಿತಿಯಂತೂ ಇರಲೇಬೇಕು. 50ರಲ್ಲಿ ಬರುವ ಕಾರು ಗುದ್ದಿದರೆ ಜೀವ ಹೋಗುವ ಅಪಾಯ ಹಲವು ಪಟ್ಟು ಹೆಚ್ಚು.

ಫುಟ್‌ಪಾತ್, ರಸ್ತೆ ಎರಡನ್ನೂ ಒಂದೇ ಮಟ್ಟಕ್ಕೆ ತರುವುದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಕಣ್ಣು ಕಾಣದವರು ಕೋಲಿನಿಂದ ರಸ್ತೆಯ ಅಂಚು ಹುಡುಕುತ್ತಾರೆ ಅಲ್ವಾ? ಅಂಚೇ ಇಲ್ಲದಿದ್ದರೆ ಅವರು ಏನು ಮಾಡಬೇಕು? ಕನಿಷ್ಠ ಉಬ್ಬುಗೆರೆಯ ಹಾಸುಗಲ್ಲಾದರೂ ಬೇಕು.

ಅಂಗಡಿಯವರು ವಿರೋಧಿಸುವುದು ಸಹಜ. ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಎಂಬ ಅಂಗಡಿ ಬೀದಿಯಲ್ಲೂ ಹಾಗೇ ಆಯಿತು. 1962ರಲ್ಲಿ ಅದನ್ನು ಪ್ರಯೋಗವಾಗಿ ಕಾರುಗಳಿಗೆ ಮುಚ್ಚಿ, 1964ರಲ್ಲಿ ಕಾಯಂ ಮಾಡಿದರು. ನನಗೆ ಈ ಕ್ರಮವೇ ಸರಿ ಅನಿಸುತ್ತದೆ. ಮೊದಲು ಕುಂಡ, ಬಣ್ಣ, ತಾತ್ಕಾಲಿಕ ಕಂಬ ಇಟ್ಟು ನೋಡಿ. ಸರಕಿನ ಗಾಡಿಗಳನ್ನು ಬೆಳಗ್ಗೆ ಬೇಗ ಬಿಡಿ. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳಿಗೆ ಯಾವಾಗಲೂ ದಾರಿ ಇರಲಿ.

ಇನ್ನೊಂದು ಮಾತು: ಕಲ್ಲು ಹಾಸುವ ಮೊದಲೇ ನೀರು, ಚರಂಡಿ, ಕೇಬಲ್ ಕೆಲಸ ಮುಗಿಸಿ. ಆಮೇಲೆ ಅಗೆದರೆ ಆ ಹಾಸು ಮತ್ತೆ ಮೊದಲಿನಂತೆ ಕೂರುವುದು ಕಷ್ಟ.