ಡಿಪಿ ಏರಿತು ಅಂತ ಸೂಟ್ ಬ್ಲೋವರ್ ಪ್ರೆಶರ್ ಏರಿಸಬೇಡಿ

ಎಸ್‌ಸಿಆರ್‌ನಲ್ಲಿ (ಬಾಯ್ಲರ್ ಹೊಗೆಗೆ ಅಮೋನಿಯಾ ಸೇರಿಸಿ, ಕ್ಯಾಟಲಿಸ್ಟ್ ಮೂಲಕ ಹಾಯಿಸಿ ನಾಕ್ಸ್, ಅಂದರೆ ನೈಟ್ರೋಜನ್ ಆಕ್ಸೈಡ್ ಇಳಿಸುವ ಘಟಕ) ಡಿಪಿ, ಅಂದರೆ ಕ್ಯಾಟಲಿಸ್ಟ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ, ಏರುತ್ತಿದೆ, ಬಾಯ್ಲರ್ ನಿಲ್ಲಿಸುವ ಹಾಗಿಲ್ಲ, ಅದಕ್ಕೇ ಸ್ಟೀಮ್ ಪ್ರೆಶರ್ ಜಾಸ್ತಿ ಮಾಡಿ, ಸ್ಟೀಮ್ ಊದಿ ಬೂದಿ ತೆಗೆಯುವ ಸೂಟ್ ಬ್ಲೋವರ್ ಎರಡು ಪಟ್ಟು ಓಡಿಸುತ್ತಿದ್ದೇವೆ ಅಂತ ಬರೆದಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ. ನಾನು ಮೊದಲು ಇದ್ದ ಪ್ಲಾಂಟ್‌ನಲ್ಲಿ ಇದನ್ನೇ ಮಾಡಿ ಕ್ಯಾಟಲಿಸ್ಟ್‌ನ ಮೇಲಿನ ಲೇಯರ್ ಕಳೆದುಕೊಂಡೆವು.

ಸ್ಟೀಮ್ ಲೈನ್‌ನಲ್ಲಿ ನಿಂತಿದ್ದ ನೀರು ಮೊದಲ ಹೊಡೆತಕ್ಕೇ ಕ್ಯಾಟಲಿಸ್ಟ್‌ನ ಹನಿಕೋಂಬ್ (ಜೇನುಗೂಡಿನ ಹಾಗೆ ತೂತಿರುವ ಬ್ಲಾಕ್) ಮೇಲೆ ಬೀಳುತ್ತಿತ್ತು. ಬೂದಿಯಲ್ಲಿ ಸುಣ್ಣದ ಅಂಶ ಇತ್ತು, ಒದ್ದೆಯಾಗಿ ತೂತಿನೊಳಗೇ ಸಿಮೆಂಟಿನ ಹಾಗೆ ಕೂತುಬಿಟ್ಟಿತು. ಆಮೇಲೆ ಶಟ್‌ಡೌನ್‌ನಲ್ಲಿ ನೋಡಿದರೆ ನಾಝಲ್ ಸಾಲಿನ ಕೆಳಗೆ ಉದ್ದಕ್ಕೂ ಬೂದು ಪಟ್ಟಿ, ತಂತಿ ಚುಚ್ಚಿದರೂ ಇಳಿಯುತ್ತಿರಲಿಲ್ಲ. ಪಕ್ಕದ ಅಂಚುಗಳು ಸವೆದು ಬೆರಳು ತಾಗಿದರೆ ಉದುರುತ್ತಿದ್ದವು.

ಪ್ರೆಶರ್‌ಗಿಂತ ಸ್ಟೀಮ್ ಒಣಗಿರುವುದು ಮುಖ್ಯ. ಡ್ರೈನ್ ಇಷ್ಟು ನಿಮಿಷ ತೆರೆದಿತ್ತು ಅನ್ನುವ ಲೆಕ್ಕ ನಂಬಬೇಡಿ. ಲೈನ್ ತುದಿಯಲ್ಲಿ ತಾಪ ಅಳೆಯುವ ಥರ್ಮೋಕಪಲ್ ಹಾಕಿಸಿ, ಸ್ಯಾಚುರೇಶನ್ (ಸ್ಟೀಮ್ ನೀರಾಗುವ ತಾಪ) ಮೇಲೆ ಸಾಕಷ್ಟು ಸೂಪರ್‌ಹೀಟ್, ಅಂದರೆ ಹೆಚ್ಚಿನ ಬಿಸಿ, ಬರುವ ತನಕ ಬ್ಲೋವರ್ ವಾಲ್ವ್ ತೆರೆಯದ ಹಾಗೆ ಇಂಟರ್‌ಲಾಕ್ ಕೊಡಿ. ಲೈನ್ ಇಳಿಜಾರು ಡ್ರೈನ್ ಕಡೆಗೇ ಇದೆಯಾ ನೋಡಿ. ವಾಲ್ವ್ ಪಾಸಿಂಗ್ (ಮುಚ್ಚಿದರೂ ಸೋರುವುದು) ಇದ್ದರೆ ಇದೆಲ್ಲ ಸುಮ್ನೆ.

ಸೋನಿಕ್ ಹಾರ್ನ್ (ಗಾಳಿಯಿಂದ ಜೋರು ಶಬ್ದ ಮಾಡಿ ಬೂದಿ ಅಲುಗಿಸುವ ಕೊಂಬು) ಒಳ್ಳೆಯದು, ಆದರೆ ಅದು ಒಣ ಬೂದಿ ಕೂರದಂತೆ ತಡೆಯುತ್ತದೆ ಅಷ್ಟೇ. ಗಟ್ಟಿಯಾದದ್ದನ್ನು ಒಡೆಯಲ್ಲ. ಹೊಸ ಕ್ಯಾಟಲಿಸ್ಟ್ ಹಾಕಿದ ದಿನದಿಂದಲೇ ಓಡಬೇಕು: ಸುಮಾರು 60–75 ಹರ್ಟ್ಸ್, 10 ಸೆಕೆಂಡ್, ಕೆಲವು ನಿಮಿಷಕ್ಕೊಮ್ಮೆ. ದೊಡ್ಡ ಬ್ರ್ಯಾಂಡೇ ಬೇಕು ಅಂತಿಲ್ಲ, ಡಯಾಫ್ರಮ್ ಟೈಟಾನಿಯಂದಾ ಅಂತ ಕೇಳಿ. ಗಾಳಿ ಒಣಗಿರಲಿ. ಹತ್ತಿರ ಹೋಗುವವರಿಗೆ ಇಯರ್‌ಮಫ್ ಕಡ್ಡಾಯ. ಬಾಯ್ಲರ್ ಓಡುವಾಗ ಮ್ಯಾನ್‌ಹೋಲ್ ತೆರೆದು ಏರ್ ಲ್ಯಾನ್ಸ್ (ಗಾಳಿ ಊದುವ ಉದ್ದ ಕೊಳವೆ) ಹಾಕುವ ಯೋಚನೆ ಯಾರಾದರೂ ಕೊಟ್ಟರೆ ಖಂಡಿತ ಬೇಡ ಅನ್ನಿ.

ರಾತ್ರಿ ಲೋಡ್ ಇಳಿಸುತ್ತೀರಾ? ಎಸ್‌ಸಿಆರ್ ಇನ್‌ಲೆಟ್ ಹೊಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಂದರೆ ಅಮೋನಿಯಂ ಬೈಸಲ್ಫೇಟ್ (ಅಮೋನಿಯಾ, ಹೊಗೆಯ ಗಂಧಕ ಸೇರಿ ಆಗುವ ಲವಣ) ಅಂಟು ಕೂರುತ್ತದೆ. ಅದಕ್ಕೆ ಯಾವ ಬ್ಲೋವರೂ ಕೆಲಸಕ್ಕೆ ಬಾರದು, ಬಿಸಿಯೇ ಮದ್ದು. ಲೋಡ್ ಏರಿಸಿ ಅಥವಾ ಇಕಾನಮೈಸರ್ (ಹೊಗೆಯ ಬಿಸಿಯಿಂದ ಬಾಯ್ಲರ್ ನೀರು ಕಾಯಿಸುವ ಭಾಗ) ಬೈಪಾಸ್ ತೆರೆದು 350 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟರೆ ಹಾರಿಹೋಗುತ್ತದೆ. ಸಪ್ಲೈಯರ್ ಕೊಟ್ಟ ಮಿತಿ ಮಾತ್ರ ದಾಟಬೇಡಿ. ಹಾರಿದ್ದು ಮುಂದೆ ಏರ್ ಪ್ರೀಹೀಟರ್‌ನ (ಬಾಯ್ಲರ್‌ಗೆ ಹೋಗುವ ಗಾಳಿ ಕಾಯಿಸುವ ಭಾಗ) ತಣ್ಣನೆ ತಗಡಿಗೆ ಅಂಟುತ್ತದೆ, ಆ ಡಿಪಿ ಮೇಲೂ ಕಣ್ಣಿರಲಿ.

ಇನ್ನೊಂದು, ನಾಕ್ಸ್ ಇಳಿಯುತ್ತಿಲ್ಲ ಅಂತ ಅಮೋನಿಯಾ ಹೆಚ್ಚಿಸುತ್ತಾ ಹೋಗುತ್ತಿದ್ದೀರಿ. ಸ್ಲಿಪ್ (ಬಳಕೆಯಾಗದೆ ಹೊರಹೋಗುವ ಅಮೋನಿಯಾ) ಜಾಸ್ತಿಯಾಗಿ ಅದೇ ಅಂಟಿಗೆ ಮೇವು ಹಾಕಿದ ಹಾಗೆ ಆಗುತ್ತದೆ, ಅಲ್ವಾ? ಡಿಪಿ ಏರದೆ ನಾಕ್ಸ್ ಮಾತ್ರ ಏರಿದ್ದರೆ ಆರ್ಸೆನಿಕ್, ಪೊಟ್ಯಾಸಿಯಂ ಹಿಡಿದು ಕ್ಯಾಟಲಿಸ್ಟ್ ಕೆಟ್ಟಿರಬಹುದು. ಅದು ಊದಿದರೆ ಹೋಗಲ್ಲ, ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸಬೇಕು.

ಪಾಪ್‌ಕಾರ್ನ್ ಬೂದಿ (ದಪ್ಪ, ಹಗುರ ಬೂದಿ ಕಾಳು) ಬರುತ್ತಿದ್ದರೆ ಇಕಾನಮೈಸರ್ ಹಾಪರ್ (ಬೂದಿ ಬೀಳುವ ತೊಟ್ಟಿ) ಹತ್ತಿರದ ಜಾಲರಿ ಹರಿದಿದೆಯಾ, ಹಾಪರ್ ಖಾಲಿಯಾಗುತ್ತಿದೆಯಾ ಮುಂದಿನ ನಿಲುಗಡೆಯಲ್ಲಿ ನೋಡಿ. ಎಲ್ಲಕ್ಕಿಂತ ಮೊದಲು ಡಿಪಿ ಟ್ರಾನ್ಸ್‌ಮಿಟರ್‌ನ ಇಂಪಲ್ಸ್ ಲೈನ್ (ಒತ್ತಡ ತಲುಪಿಸುವ ಸಣ್ಣ ಕೊಳವೆ) ಊದಿಸಿ, ಅದೇ ಕಟ್ಟಿಕೊಂಡಿರಬಹುದು. ಹೊಗೆಯ ಫ್ಲೋ ಏರಿದರೆ ಡಿಪಿಯೂ ಏರುತ್ತದೆ, ಹಾಗಾಗಿ ಒಂದೇ ಲೋಡ್‌ನ ಹಳೆಯ ರೀಡಿಂಗ್ ಜೊತೆ ಹೋಲಿಸಿ, ಟ್ರೆಂಡ್ ಇಲ್ಲೇ ಹಾಕಿ.