ನನಗೆ ಇಷ್ಟವಾದ ಗೇಮನ್ನು ಯಾರಾದರೂ ಆನ್‌ಲೈನ್‌ನಲ್ಲಿ ಬೈದರೆ ಜಗಳವಿಲ್ಲದೆ ಉತ್ತರಿಸುವುದು ಹೇಗೆ?

ಬೈದಿದ್ದು ಗೇಮನ್ನೋ, ನಿಮ್ಮನ್ನೋ? ಗೇಮನ್ನಾದರೆ ಬಿಟ್ಟುಬಿಡಿ, ಅದು ನೀವು ಮಾಡಿದ್ದಲ್ಲ ಅಲ್ವಾ. 2011ರ ಡಾರ್ಕ್ ಸೋಲ್ಸ್ ತಗೊಳ್ಳಿ: ಒಂದೇ ಬಾಸ್ (ಗೇಮಿನೊಳಗಿನ ದೊಡ್ಡ ಶತ್ರು) ಕೈಯಲ್ಲಿ ಮತ್ತೆ ಮತ್ತೆ ಸತ್ತು ಕೊನೆಗೆ ಗೆಲ್ಲುವುದೇ ಒಬ್ಬರಿಗೆ ಮಜಾ, ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಆಡುವವರಿಗೆ ಅದೇ ತಲೆನೋವು, ಇಬ್ಬರೂ ಹೇಳುವುದು ನಿಜವೇ. "ನಿನಗೆ ಆಡೋಕೆ ಬರಲ್ಲ" ಅನ್ನುವ ಬದಲು "ಎಲ್ಲಿ ಬೇಜಾರಾಯ್ತು?" ಅಂತ ಕೇಳಿ.

ಆಡದೇ ಬೈಯುವವರೂ ಇದ್ದಾರೆ. 2020ರಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಂದ ದಿನವೇ, ಮುಗಿಸಲು 20 ಗಂಟೆಗೂ ಜಾಸ್ತಿ ಬೇಕಾದ ಗೇಮಿಗೆ, ಸೊನ್ನೆ ಅಂಕಗಳು ರಾಶಿ ಬಿದ್ದವು. ಆಮೇಲೆ ವಿಮರ್ಶೆ, ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ವೆಬ್‌ಸೈಟ್, ಗೇಮ್ ಬಿಡುಗಡೆಯಾಗಿ 36 ಗಂಟೆ ಆಗುವ ತನಕ ಬಳಕೆದಾರರು ವಿಮರ್ಶೆ ಹಾಕದಂತೆ ಮಾಡಿತು. ಅಂಥವರ ಜೊತೆ ಸುಮ್ನೆ ವಾದಕ್ಕಿಳಿಯಬೇಡಿ.