ಸಿನಿಮಾ ನಿರ್ದೇಶಕನಾಗಲು ಟಿವಿ ಕೆಲಸ ಬಿಡಲೇಬೇಕೇ?

ಸಿಂಗಪುರದ ತಮಿಳು ಧಾರಾವಾಹಿಯೊಂದರಲ್ಲಿ ಸಹಾಯಕ ನಿರ್ದೇಶಕರಾಗಿರುವ ನೀವು, ಫಿಲಿಪ್ಪೀನ್ಸಿನ ನಿರ್ದೇಶಕ ಲಿನೋ ಬ್ರೋಕಾ ಅವರಂಥ ಚಿತ್ರಗಳನ್ನು ಮಾಡಬೇಕೆಂದಿದ್ದರೆ ‘ಟಿವಿಯವರು’ ಎಂಬ ಹಣೆಪಟ್ಟಿ ಅಂಟುವ ಮೊದಲೇ ಕೆಲಸ ಬಿಡಬೇಕೇ ಎಂದು ಕೇಳಿದ್ದೀರಿ. ಕಂಪನಿಯವರು ಟೆಲಿಫಿಲ್ಮಿಗೆ ಕಥೆ ಕೇಳಿದ್ದಾರೆಂಬ ಸಂಗತಿಯನ್ನು ಕೊನೆಯ ಸಾಲಿನಲ್ಲಿ, ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ನಿಜವಾದ ಪ್ರಶ್ನೆ ಇರುವುದೇ ಆ ಸಾಲಿನಲ್ಲಿ.

ನಾನೂ ಅದೇ ಊರಿನಲ್ಲಿ ಅದೇ ಕೆಲಸ ಮಾಡಿದವನು. ನಮ್ಮ ಚಿತ್ರೀಕರಣ ಹೆಚ್ಚಾಗಿ ಸರ್ಕಾರಿ ವಸತಿ ಮಂಡಳಿಯ, ಅಂದರೆ ಎಚ್‌ಡಿಬಿ ಫ್ಲ್ಯಾಟುಗಳಲ್ಲಿ ನಡೆಯುತ್ತಿತ್ತು. ಸಂಭಾಷಣೆಯ ನಡುವೆ ಲಿಫ್ಟ್ ಬಂದು ನಿಲ್ಲದಂತೆ ಕೆಳಗಡೆ ಹುಡುಗನೊಬ್ಬನನ್ನು ಕಾವಲಿಗೆ ನಿಲ್ಲಿಸುವುದು, ಎದುರು ಬ್ಲಾಕಿನ ಅಜ್ಜಿ ಬಟ್ಟೆ ಒಣಹಾಕಿದ ಬಿದಿರುಗಳವನ್ನು ದೃಶ್ಯ ಮುಗಿಯುವ ಮೊದಲು ಒಳಗೆಳೆದುಕೊಂಡು ಕಂಟಿನ್ಯೂಟಿ ಕೆಡಿಸದಂತೆ ಕೈಮುಗಿದು ಬೇಡಿಕೊಳ್ಳುವುದು, ಇವೆಲ್ಲ ನನ್ನ ಪಾಲಿನ ಕೆಲಸಗಳಾಗಿದ್ದವು. ಬೇಸರದ ಕೆಲಸವೆಂದು ಆಗ ಗೊಣಗುತ್ತಿದ್ದೆನಾದರೂ ಇಕ್ಕಟ್ಟಾದ ಕೋಣೆಯಲ್ಲಿ ನಟರನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ನಾನು ಕಲಿತದ್ದು ಅಲ್ಲಿಯೇ.

ಆ ದಿನಗಳಲ್ಲಿ ನನ್ನ ಬಳಿ ಒಂದೇ ಒಂದು ಒಳ್ಳೆಯ ಕಥೆಯಿತ್ತು. ಲಿಟಲ್ ಇಂಡಿಯಾದ ಬಫಲೋ ರಸ್ತೆಯಲ್ಲಿ ಹೂ ಕಟ್ಟುವ ಹೆಂಗಸೊಬ್ಬಳ ಮಗ ರಾಷ್ಟ್ರೀಯ ಸೇವೆಗೆ, ಅಂದರೆ ಅಲ್ಲಿಯ ಕಡ್ಡಾಯ ಸೈನಿಕ ಸೇವೆಗೆ ಸೇರುತ್ತಾನೆ. ಬೋಳಿಸಿದ ಅವನ ತಲೆಯನ್ನು ಮೊದಲ ಸಲ ಕಂಡ ದಿನ ಅವಳು ಗಿರಾಕಿಗೆ ಮಲ್ಲಿಗೆ ಅಳೆಯುತ್ತ ಮೊಳದ ಲೆಕ್ಕ ತಪ್ಪುತ್ತಾಳೆ. ನಾನು ಕೆಲಸಕ್ಕಿದ್ದ ನಿರ್ಮಾಣ ಕಂಪನಿ ಟೆಲಿಫಿಲ್ಮಿಗೆ ಕಥೆ ಕೇಳಿದಾಗ, ನಿರ್ದೇಶನವೂ ನನಗೇ ಸಿಕ್ಕೀತೆಂಬ ಆಸೆಯಿಂದ ಇದನ್ನು ಕೊಟ್ಟು, ಅವರು ಮುಂದಿಟ್ಟ ಕರಾರುಪತ್ರಕ್ಕೆ ಸಹಿ ಹಾಕಿದೆ. ನಿರ್ದೇಶನ ಹಿರಿಯರೊಬ್ಬರ ಪಾಲಾಯಿತು, ನನಗೆ ‘ಕಥೆ’ ಎಂಬ ಹೆಸರು ಉಳಿಯಿತು. ಅಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆ.

ಈ ಸಹಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅವಕಾಶ ಕೊಡಿ. ಕರಾರಿನ ಮೊದಲ ಪುಟಗಳಲ್ಲಿ ಸಂಭಾವನೆ, ಕಂತು, ಗಡುವು ಇದ್ದವು, ಅವನ್ನು ಗಮನವಿಟ್ಟೇ ಓದಿದೆ. ಕೊನೆಯ ಅನುಬಂಧದಲ್ಲಿ ಮಾತ್ರ ಕಥೆ, ಚಿತ್ರಕಥೆ ಮತ್ತು ಪಾತ್ರಗಳ ಮೇಲಿನ ಎಲ್ಲ ಹಕ್ಕುಗಳು, ಜಗತ್ತಿನಾದ್ಯಂತ, ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಿಗೂ ಅನ್ವಯಿಸುವಂತೆ, ರೂಪಾಂತರ ಮತ್ತು ಮರುನಿರ್ಮಾಣದ ಹಕ್ಕುಗಳೂ ಸೇರಿ ಕಂಪನಿಗೆ ಶಾಶ್ವತವಾಗಿ ಸೇರುತ್ತವೆ ಎಂದಿತ್ತು. ಅದು ಎಲ್ಲರಿಗೂ ಇರುವ ಮಾಮೂಲಿ ಒಕ್ಕಣೆಯೆಂದು ಅಲ್ಲಿಯ ವ್ಯವಸ್ಥಾಪಕರು ಹೇಳಿದರು, ಮತ್ತು ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಪ್ರಸಾರದ ಹಕ್ಕು ಕೊಡುವುದು ಬೇರೆ, ಕಥೆಯನ್ನೇ ಮಾರುವುದು ಬೇರೆ ಎಂಬುದು ನನಗೆ ತಿಳಿಯದ್ದೇನಲ್ಲ. ಆದರೆ ಕೇಳಿದರೆ ಅವಕಾಶ ಕೈತಪ್ಪೀತೆಂದು ಬಾಯಿ ಮುಚ್ಚಿಕೊಂಡೆ. ಕೆಲವು ವರ್ಷಗಳ ನಂತರ ನಿರ್ಮಾಪಕಿಯೊಬ್ಬರು ಅದೇ ಕಥೆಯ ಹಿರಿತೆರೆಯ ಚಿತ್ರಕಥೆಯನ್ನು ಓದಿ ಮೆಚ್ಚಿದರು. ಚಿತ್ರನಿಧಿಗೆ ಅರ್ಜಿ ಹಾಕುವ ಹೊತ್ತಿಗೆ ಅವರ ವಕೀಲರು ಹಕ್ಕು ಯಾರಿಂದ ಯಾರಿಗೆ ಬಂದಿದೆ ಎಂಬುದರ ದಾಖಲೆ ಕೇಳಿದರು. ನನ್ನ ಬಳಿ ಇದ್ದದ್ದು ಹಕ್ಕು ನನ್ನದಲ್ಲವೆಂದು ಸಾರುವ ದಾಖಲೆ. ಕಂಪನಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ, ನಿರ್ಮಾಪಕಿಯವರು ಬೇರೆ ಚಿತ್ರ ಕೈಗೆತ್ತಿಕೊಂಡರು. ಹೆಸರು, ರಸ್ತೆ, ವೃತ್ತಿಗಳನ್ನು ಬದಲಿಸಿ ಬರೆಯಲೂ ನೋಡಿದೆ. ಮಲ್ಲಿಗೆಯ ಮೊಳ ಹೋದ ಮೇಲೆ ಆ ತಾಯಿ ಯಾರ ತಾಯಿಯಾದರೂ ಆಗಬಹುದಿತ್ತು.

ಈಗ ನಿಮ್ಮ ಬ್ರೋಕಾ ಅವರ ವಿಷಯಕ್ಕೆ ಬರುತ್ತೇನೆ. 1978ರಲ್ಲಿ ಕಾನ್ ಚಿತ್ರೋತ್ಸವಕ್ಕೆ ಹೋದ ಫಿಲಿಪ್ಪೀನ್ಸಿನ ಮೊದಲ ಚಿತ್ರವೆನಿಸಿದ ‘ಇನ್ಸಿಯಾಂಗ್’ ಹುಟ್ಟಿದ್ದು ಮಾರಿಯೋ ಓಹಾರ ಅವರು ಬರೆದ ಟಿವಿ ನಾಟಕವಾಗಿ. ಅದೇ ಕಥೆ 1976ರಲ್ಲಿ, ಮನಿಲಾದ ಟೊಂಡೋ ಕೊಳೆಗೇರಿಯ ನಡುವೆ ಚಿತ್ರೀಕರಣಗೊಂಡು, ಹಂದಿಗಳ ಕಸಾಯಿಖಾನೆಯ ದೃಶ್ಯದಿಂದ ಆರಂಭವಾಗುವ ಸಿನಿಮಾ ಆಯಿತು. ಕಥೆಗೆ ಕಿರುತೆರೆಯ ಮೈಲಿಗೆಯೇನೂ ತಟ್ಟಲಿಲ್ಲ. ಬ್ರೋಕಾ ಅವರು ಮುಂದೆಯೂ ತಮ್ಮದೇ ಹೆಸರಿನ ಟಿವಿ ನಾಟಕ ಸರಣಿಯನ್ನು ನಡೆಸಿದರು, ರಂಗಭೂಮಿಯನ್ನೂ ಬಿಡಲಿಲ್ಲ. 1991ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ನಿರ್ದೇಶಿಸಿದ್ದ ಅರವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ನಿರ್ಮಾಪಕರ ಮರ್ಜಿಗೆ ಮಾಡಿದ ಕಣ್ಣೀರಿನ ಕಥೆಗಳು. ನೀವು ಕನಸು ಕಾಣುತ್ತಿರುವ ‘ಬರೀ ಸಿನಿಮಾ ನಿರ್ದೇಶಕ’ ಬ್ರೋಕಾ ಎಂದೂ ಇರಲಿಲ್ಲ.

ಕೆಲಸ ಬಿಟ್ಟು ಸ್ವಂತ ಕಂಪನಿ ಕಟ್ಟುವ ಆಲೋಚನೆಯೂ ನಿಮಗಿರಬಹುದು, ಏಕೆಂದರೆ ನನಗಿತ್ತು. 1974ರಲ್ಲಿ ಬ್ರೋಕಾ ಅವರೂ ಸಿನೆಮನಿಲಾ ಎಂಬ ಕಂಪನಿಯನ್ನು ಕಟ್ಟಿದರು. ಅದರ ಮೊದಲ ಚಿತ್ರ ಗೆದ್ದಿತು, ಆದರೂ ಕಂಪನಿ ಹೆಚ್ಚು ಕಾಲ ಉಳಿಯದೆ ದಿವಾಳಿಯಾಯಿತು. ಅವರ ಹೆಸರನ್ನು ಜಗತ್ತಿಗೆ ಮುಟ್ಟಿಸಿದ 1975ರ ‘ಮನಿಲಾ ಇನ್ ದ ಕ್ಲಾಸ್ ಆಫ್ ಲೈಟ್’ ಚಿತ್ರಕ್ಕೆ ಹಣ ಹೂಡುವ ಹೊಣೆ ಹೊತ್ತವರು ಮೈಕ್ ಡಿ ಲಿಯೋನ್. ಅದಕ್ಕೆ ಕ್ಯಾಮೆರಾ ಹಿಡಿದವರೂ ಅವರೇ. ಅಂಥ ಜೊತೆಗಾರರು ಸಿಗುವುದು ಕೆಲಸದ ಜಾಗದಲ್ಲಿ. ರಾಜೀನಾಮೆ ಕೊಟ್ಟು ಮನೆಯಲ್ಲಿ ಕುಳಿತರೆ ಸಿಗುವುದಿಲ್ಲ.

ಬ್ರೋಕಾ ಕಾಲವೇ ಬೇರೆ ಎನ್ನುವಿರಾದರೆ ನಿಮ್ಮ ಊರಿನ ಕೆ. ರಾಜಗೋಪಾಲ್ ಅವರನ್ನೇ ನೋಡಿ. ತೊಂಬತ್ತರ ದಶಕದ ನಡುವಿನಲ್ಲಿ ಕಿರುಚಿತ್ರಗಳಿಂದ ಹೆಸರಾದ ಅವರು ನಡುವೆ ಟೆಲಿಫಿಲ್ಮ್‌ಗಳನ್ನೂ ಮಾಡಿದರು, 2015ರಲ್ಲಿ ‘7 ಲೆಟರ್ಸ್’ ಸಂಕಲನ ಚಿತ್ರದ ಒಂದು ಭಾಗವನ್ನು ನಿರ್ದೇಶಿಸಿದರು. ಅವರ ಮೊದಲ ಪೂರ್ಣಪ್ರಮಾಣದ ಚಿತ್ರ ‘ಎ ಯೆಲ್ಲೋ ಬರ್ಡ್’ ಬಂದದ್ದು 2016ರಲ್ಲಿ, ಅದೂ ಕಾನ್‌ನ ‘ವಿಮರ್ಶಕರ ವಾರ’ ಎಂಬ ವಿಭಾಗದಲ್ಲಿ. ಜೈಲಿನಿಂದ ಹೊರಬಂದ ಭಾರತೀಯ ಮೂಲದ ಸಿಂಗಪುರದವನೊಬ್ಬ ತನ್ನ ಹೆಂಡತಿ, ಮಗಳನ್ನು ಹುಡುಕುವ ಕಥೆ ಅದು. ಮಲೇಷ್ಯಾದ ಯಾಸ್ಮಿನ್ ಅಹ್ಮದ್ ಅವರಂತೂ ಜಾಹೀರಾತು ಸಂಸ್ಥೆಯ ನೌಕರಿಯಲ್ಲಿದ್ದುಕೊಂಡೇ, 2003ರ ಟಿವಿ ಚಿತ್ರವೊಂದರಿಂದ ಆರಂಭಿಸಿ, 2009ರಲ್ಲಿ ತೀರಿಕೊಳ್ಳುವುದರೊಳಗೆ ಆರು ಚಿತ್ರಗಳನ್ನು ಮಾಡಿ ಮುಗಿಸಿದ್ದರು.

ಆದ್ದರಿಂದ ಕೆಲಸ ಬಿಡಬೇಡಿ, ಆ ಒಂದು ಕಥೆಯನ್ನೂ ಬಿಟ್ಟುಕೊಡಬೇಡಿ. ಟೆಲಿಫಿಲ್ಮಿಗೆ ನಿಮ್ಮ ಎರಡನೆಯ ಅತ್ಯುತ್ತಮ ಕಥೆಯನ್ನು ಕೊಡಿ. ಅದನ್ನು ಚೆನ್ನಾಗಿ ಮಾಡುವುದೇ ನಿಮ್ಮ ಪರಿಚಯಪತ್ರವಾಗುತ್ತದೆ. ಮೊದಲನೆಯದನ್ನೇ ಕೊಡಬೇಕೆಂಬ ಹಟವಿದ್ದರೆ, ಪ್ರಸಾರದ ಹಕ್ಕನ್ನಷ್ಟೇ ಬರೆದುಕೊಟ್ಟು ಚಲನಚಿತ್ರದ ಹಕ್ಕನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ. ಒಪ್ಪದಿದ್ದರೆ, ಇಂತಿಷ್ಟು ವರ್ಷಗಳಲ್ಲಿ ಅವರು ಸಿನಿಮಾ ಮಾಡದೆ ಹೋದಲ್ಲಿ ಹಕ್ಕು ನಿಮಗೆ ಮರಳಬೇಕೆಂಬ ಷರತ್ತು ಸೇರಿಸಲು ಹೇಳಿ. ಉತ್ತರ ಬರಹದಲ್ಲಿ ಕೈಸೇರುವವರೆಗೆ ಅವರಿಗೆ ಒಂದು ಪುಟದ ಸಾರಾಂಶಕ್ಕಿಂತ ಹೆಚ್ಚೇನನ್ನೂ ಕಳುಹಿಸಬೇಡಿ.